ಪಟ್ಟಿಯಲ್ಲಿ ಆಕೆಯ ಗಂಡ

ನಾನು ಕೆಲವು ವರ್ಷ ನಮ್ಮ ಸಂಸದರ ಸಿಂಧನೂರಿನ ಕಚೇರಿಯಲ್ಲಿ ಕೆಲಸ ಮಾಡಿದೆ. ಬಜೆಟ್, ಮಳೆಗಾಲ, ಚಳಿಗಾಲ ಎಂದು ವರ್ಷಕ್ಕೆ ಮೂರು ಅಧಿವೇಶನ. ಪ್ರತಿಯೊಂದಕ್ಕೂ ಮುಂಚೆ ಜನರ ಅರ್ಜಿಗಳನ್ನು ಓದಿ, ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದು ದಿಲ್ಲಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ಯಾವ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಬೇಕೆಂದು ಅಲ್ಲಿ ಚೀಟಿ ಎತ್ತುತ್ತಾರೆ. ಬಹಳಷ್ಟು ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ.

ಒಂದು ಮಳೆಗಾಲದ ಅಧಿವೇಶನಕ್ಕೆ ಮುಂಚೆ ಮಸ್ಕಿಯಿಂದ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಶಿಫಾರಸು ಪತ್ರ ಕೇಳಿಕೊಂಡು ಬಂದಳು. ಗಂಡನ ಬಗ್ಗೆ ನಾನೇ ಕೇಳಿದೆ. ಲಾಡ್ಜೊಂದರ ಪಾಯಿಖಾನೆ ಗುಂಡಿ ಬಳಿಯಲು ಇಳಿದವನು ಉಸಿರುಗಟ್ಟಿ ಸತ್ತಿದ್ದ. ಪೊಲೀಸರ ಕಾಗದದಲ್ಲಿ ಕಾಲುಜಾರಿ ಬಿದ್ದ ಎಂದಿತ್ತು. ಹೀಗೆ ಗುಂಡಿಗಿಳಿದು ಸತ್ತವರ ಜಿಲ್ಲಾವಾರು ಪಟ್ಟಿ ಕೊಡಿ ಎಂದು ಪ್ರಶ್ನೆ ಬರೆದೆ. ಚೀಟಿಯಲ್ಲಿ ಅದು ಬಂತು.

ಉತ್ತರದಲ್ಲಿ ನಮ್ಮ ಜಿಲ್ಲೆಯ ಮುಂದೆ ‘ಇಲ್ಲ’ ಎಂದಿತ್ತು. ಆಕೆಗೆ ಓದಿ ಹೇಳಿದೆ. ಆಕೆ ಅಳಲಿಲ್ಲ.

“ಹಂಗಾದ್ರ ನಾ ಯಾರನ್ನ ಮಣ್ಣು ಮಾಡಿ ಬಂದೀನ್ರೀ?”

ಸಂಸದರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು, ಆ ಮಾತನ್ನು ಇದ್ದ ಹಾಗೇ ಬರೆದು ಕಳಿಸು ಎಂದರು. ಶೂನ್ಯವೇಳೆಯಲ್ಲಿ ಅದನ್ನೇ ಸಭೆಗೆ ಓದಿದರು. ನಾನು ಟಿವಿಯಲ್ಲಿ ನೋಡಿದೆ. ಅವರ ಹಿಂದಿನ ಬೆಂಚುಗಳು ಖಾಲಿಯಿದ್ದವು.

ಆಮೇಲೆ ಸಾವಿನ ಕಾರಣ ತಿದ್ದಿಸಲು ಆಕೆಯೂ ನಾನೂ ಲಿಂಗಸೂಗೂರಿನ ಉಪವಿಭಾಗಾಧಿಕಾರಿ ಕಚೇರಿಗೆ ಮೂರು ಸಲ ಹೋದೆವು. ಗಂಡನ ಜೊತೆ ಗುಂಡಿಗಿಳಿದು ಬದುಕಿ ಬಂದ ಕೆಲಸಗಾರ ಮೊದಲು ಹೆದರಿ ಒಲ್ಲೆ ಎಂದ. ಆಕೆ ದಿನಾ ಅವನ ಮನೆಗೆ ಹೋಗಿ ಕೂತ ಮೇಲೆ ಹೇಳಿಕೆ ಕೊಟ್ಟ. ಚಳಿಗಾಲದಲ್ಲಿ ಪ್ರಶ್ನೆ ಮತ್ತೆ ಕಳಿಸಿದೆವು, ಚೀಟಿ ಏಳಲಿಲ್ಲ. ಬಜೆಟ್ ಅಧಿವೇಶನದಲ್ಲಿ ಎದ್ದಿತು. ಅಷ್ಟರಲ್ಲಿ ಆಕೆಗೆ ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಇನ್ನು ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ರಜೆ ಹಾಕಿ ಬಂದಳು.

ಈ ಸಲ ನಮ್ಮ ಜಿಲ್ಲೆಯ ಮುಂದೆ ‘ಒಂದು’ ಎಂಬ ಅಂಕಿ ಇತ್ತು. ಬೆರಳಿಟ್ಟು ತೋರಿಸಿದೆ. ಓದು ಬಾರದ ಆಕೆ ಅದನ್ನು ಬಹಳ ಹೊತ್ತು ನೋಡಿದಳು.

“ಇದು ನಮ್ಮ ಮನಿಯವ್ರೇ ಏನ್ರೀ?”

“ಹೌದು ಯವ್ವ.”

“ಹೆಸರಿಲ್ಲಲ್ರೀ ಇದರಾಗ. ನೀವು ಬರೀರಿ.”

ಸರ್ಕಾರದ ಕಾಗದದ ಮೇಲೆ ಬರೆಯಲು ಅಳುಕಾಯಿತು. ಆದರೂ ಅದರದೊಂದು ಜೆರಾಕ್ಸ್ ಪ್ರತಿ ತೆಗೆದು, ಆ ಅಂಕಿಯ ಪಕ್ಕದಲ್ಲಿ ಅವನ ಹೆಸರು, ತಂದೆಯ ಹೆಸರು, ಊರು ಬರೆದೆ. ಆಕೆ ಒಮ್ಮೆ ಓದಿಸಿಕೊಂಡಳು. ಇನ್ನೊಮ್ಮೆ ಓದಿರಿ ಎಂದಳು. ಓದಿದೆ.