ರೊಟ್ಟಿ ಮಾರಲು ಬರೆದ ಮೊದಲ ಪತ್ರ

ಮೊನ್ನೆ ಬೆಳಿಗ್ಗೆ ನಮ್ಮೂರು ಕಮಲಾಪುರದಲ್ಲಿ ಪ್ರಿಂಟರಿನಿಂದ ಬಿಸಿ ಹಾಳೆ ಕೈಗೆ ಬಂತು. ಕಾದ ಕಾಗದದ ಆ ವಾಸನೆಗೆ ಕಲಬುರಗಿಯ ರೋಜಾ ಬಡಾವಣೆಯಲ್ಲಿದ್ದ ಟೈಪಿಂಗ್ ಅಂಗಡಿಯ ಚಾಚಾ ನೆನಪಾದರು... ನಾನು ಬರೆದ ಮೊದಲ ಪತ್ರವನ್ನು ಟೈಪ್ ಮಾಡಲು ಒಪ್ಪದ ಮಹಾನುಭಾವರು.

ಆಗ ನಾವು ನಾಲ್ಕು ಹೆಂಗಸರು ಕಡಕ್ ಜೋಳದ ರೊಟ್ಟಿ ಮಾಡಿ ಸಂತೆಯಲ್ಲಿ ಮಾರುತ್ತಿದ್ದೆವು. ಮಾರಿದ್ದಕ್ಕಿಂತ ಮನೆಗೆ ಮರಳಿದ್ದೇ ಹೆಚ್ಚು. ಕಲಬುರಗಿಯ ಒಂದು ಹಾಸ್ಟೆಲ್ಲಿಗೆ ರೊಟ್ಟಿ ಕೊಡುವ ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಒಲೆ ಆರಿಸಿ ಕೂಲಿಗೆ ಹೋಗುವುದೆಂದು ಮಾತಾಗಿತ್ತು. ನಾಲ್ವರಲ್ಲಿ ಹತ್ತನೇ ಇಯತ್ತೆ ಮುಟ್ಟಿದವಳು ನಾನೊಬ್ಬಳೇ ಆದ್ದರಿಂದ ಪತ್ರದ ಹೊಣೆ ನನ್ನ ಮೇಲೆ ಬಿತ್ತು.

ನಮ್ಮ ಕಡೆ ದೊಡ್ಡವರಿಗೆ ಬರೆಯುವುದೆಂದರೆ ಅರ್ಜಿಯೇ. ಪಿಂಚಣಿಗೂ ಅರ್ಜಿ, ರೇಷನ್ ಕಾರ್ಡಿಗೂ ಅರ್ಜಿ. ನಾನೂ ಅದೇ ಧಾಟಿಯಲ್ಲಿ, ಬಡವರು, ಗತಿಯಿಲ್ಲದವರು, ತಾವು ದೊಡ್ಡ ಮನಸ್ಸು ಮಾಡಬೇಕು ಎಂದು ಎರಡು ಪುಟ ತುಂಬಿಸಿದ್ದೆ. ರೊಟ್ಟಿಯ ಸುದ್ದಿ ಕೊನೆಯ ಸಾಲಿನಲ್ಲಿತ್ತು. ಚಾಚಾ ಓದಿ ಕನ್ನಡಕ ತೆಗೆದರು.

“ನೀ ಬೇಡ್ಲಾಕ ಹೊಂಟೀದಿಯೋ, ಮಾರ್ಲಾಕ ಹೊಂಟೀದಿಯೋ ಬೇಟಿ? ಇದ್ರಾಗ ಬರೀ ನಿನ್ನ ತಕಲೀಫ್ ಅದ. ಅವ್ರ ತಕಲೀಫ್ ಏನದ, ಹೋಗಿ ನೋಡಿ ಬಾ.”

ಮೈಯೆಲ್ಲ ಉರಿಯಿತು. ಕೊಟ್ಟದ್ದನ್ನು ಟೈಪ್ ಮಾಡುವುದು ಬಿಟ್ಟು ಇವರಿಗೇಕೆ ಈ ಉಸಾಬರಿ ಎಂದು ಗೊಣಗುತ್ತಲೇ ಹಾಸ್ಟೆಲ್ಲಿಗೆ ಹೋಗಿ ಅಡುಗೆಯವಳನ್ನು ಮಾತಾಡಿಸಿದೆ. ರೊಟ್ಟಿ ಬಡಿಯುವಾಕೆ ಬಾರದ ದಿನ ಹುಡುಗಿಯರಿಗೆ ಬರೀ ಅನ್ನ, ವಾರ್ಡನ್ ಮೇಡಂಗೆ ದೂರಿನ ಮೇಲೆ ದೂರು. ಇಷ್ಟು ತಿಳಿಯಲು ಅರ್ಧ ತಾಸೂ ಹಿಡಿಯಲಿಲ್ಲ.

ಹೊಸ ಪತ್ರ ಅಲ್ಲಿಂದಲೇ ಶುರುವಾಯಿತು. ನಿಮ್ಮಲ್ಲಿ ರೊಟ್ಟಿ ತಪ್ಪುವ ದಿನಗಳಿವೆ, ನಮ್ಮದು ಮೊದಲ ಬಸ್ಸಿಗೆ ಬರುತ್ತದೆ, ಎಷ್ಟು, ಯಾವ ದರಕ್ಕೆ, ಯಾರ ಜವಾಬ್ದಾರಿ. ಒಂದೇ ಪುಟ. ಮಳೆಗಾಲದಲ್ಲಿ ಕಡಕ್ ರೊಟ್ಟಿ ಮೆತ್ತಗಾಗುತ್ತದೆ ಎಂಬುದನ್ನೂ ಬರೆಯಲೇಬೇಕೆಂದು ಚಾಚಾ ಹಟ ಹಿಡಿದರು. ಮಾರುವವಳು ತನ್ನ ಸರಕಿನ ಹುಳುಕು ತಾನೇ ಹೇಳುವುದುಂಟೇ? ಸಾಕಷ್ಟು ಜಗಳಾಡಿ ಕೊನೆಗೆ ಬರೆದೆ, ಮೆತ್ತಗಾದದ್ದನ್ನು ಮರುದಿನವೇ ಬದಲಿಸಿ ಕೊಡುತ್ತೇವೆ ಎಂದೂ ಸೇರಿಸಿದೆ. ಮೇಡಂ ಬೆರಳಿಟ್ಟದ್ದು ಆ ಸಾಲಿನ ಮೇಲೆಯೇ. ರೊಟ್ಟಿ ಮಾರಲು ಬಂದ ಬೇರೆ ಯಾರೂ ಅದನ್ನು ಹೇಳಿರಲಿಲ್ಲವಂತೆ. ಮುಂದಿನ ವಾರದಿಂದ ನಮ್ಮ ರೊಟ್ಟಿ ಹೋಗತೊಡಗಿತು.

ಆಮೇಲೆ ಪ್ರತಿ ಪತ್ರವನ್ನೂ ಚಾಚಾರಿಗೆ ತೋರಿಸುತ್ತಿದ್ದೆ. ಚೆನ್ನಾಗಿದೆ ಎಂದು ಯಾರಾದರೂ ಅಂದರೆ ಚಾಚಾ ಬರೆಸಿದ್ದು ಎನ್ನುತ್ತಿದ್ದೆ. ಸ್ವಂತ ಪ್ರಿಂಟರ್ ಬಂದ ಮೇಲೆ ಹೋಗುವುದು ಕಡಿಮೆಯಾಯಿತು... ಕಡೆಯ ಎರಡು ವರ್ಷ ಹೋಗಲೇ ಇಲ್ಲ.

ಮೊನ್ನೆಯದು ಆಸ್ಪತ್ರೆಯೊಂದರ ಕ್ಯಾಂಟೀನಿಗೆ ಬರೆದ ಪತ್ರ, ನಮಗೆ ಈವರೆಗಿನ ದೊಡ್ಡ ಕೆಲಸ. ಚಾಚಾರಿಗೆ ತೋರಿಸೋಣವೆಂದು ರೋಜಾದಲ್ಲಿ ಇಳಿದೆ. ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಅವರು ತೀರಿಕೊಂಡು ಆರು ತಿಂಗಳಾಯಿತೆಂದು ಪಕ್ಕದ ಅತ್ತರಿನ ಅಂಗಡಿಯವರು ಹೇಳಿದರು. ರಸ್ತೆಯಲ್ಲೇ ನಿಂತು ಅತ್ತೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಹಾಗಂತ ಊರಿಗೆ ತಿರುಗಲಿಲ್ಲ, ಮುಖ ತೊಳೆದುಕೊಂಡು ಆಸ್ಪತ್ರೆಗೆ ಹೋದೆ.

ಮ್ಯಾನೇಜರ್ ಪತ್ರವನ್ನು ಎರಡು ಸಲ ಓದಿದರು. ಬರುವ ತಿಂಗಳಿಂದ ಕಳಿಸಿ ಎಂದರು. ಆಮೇಲೆ, ಇದನ್ನು ಯಾರಿಂದ ಬರೆಸಿದಿರಿ ಎಂದು ಕೇಳಿದರು.

“ನಾನೇ ಬರ್ದೀನ್ರೀ,” ಎಂದೆ.

ಇಷ್ಟು ವರ್ಷಗಳಲ್ಲಿ ಹಾಗೆ ಹೇಳಿದ್ದು ಅದೇ ಮೊದಲು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಚಾಚಾರೇ ಇರಲಿಲ್ಲ.