ಮೂವತ್ತೊಂದನೇ ಮನೆಯಿಂದ ದೂರು ಬಂದಿಲ್ಲ

1958ರ ಜೂನ್ ತಿಂಗಳಲ್ಲಿ ನಾನು ಮೈಸೂರಿನ ಒಂದು ವಸತಿ ಕಾಲೊನಿಗೆ ಮೇಲ್ವಿಚಾರಕನಾಗಿ ಹೋದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಊರಿನ ದಕ್ಷಿಣದ ಅಂಚಿನಲ್ಲಿ, ಶ್ರೀರಾಂಪುರದ ಹೊಲಗಳು ಕಾಣುವ ಕಡೆ, ಕಡಿಮೆ ಸಂಬಳದವರಿಗೆಂದು ಕಟ್ಟಿಸಿದ ನಲವತ್ತೆಂಟು ಹೆಂಚಿನ ಮನೆಗಳು. ಮನೆಗಳ ರಿಪೇರಿ ನನ್ನ ಜವಾಬ್ದಾರಿ. ಕೈಕೆಳಗೆ ಒಬ್ಬ ಗುಮಾಸ್ತ, ಮತ್ತೆ ಮರಿಯಪ್ಪ ಎಂಬ ಹಳೆಯ ಗಾರೆ ಮೇಸ್ತ್ರಿ.

ಮರಿಯಪ್ಪನದು ತನ್ನದೇ ಪದ್ಧತಿ. ಬೆಳಿಗ್ಗೆ ಎದ್ದು ಮನೆ ಮನೆಗೆ ಹೋಗುವುದು, ಗೋಡೆಗಳನ್ನು ಕೋಲಿನಿಂದ ತಟ್ಟುವುದು, "ನಲ್ಲಿ ಸರಿಯಾಗಿ ಅದೇನಮ್ಮ?" ಎಂದು ಕೇಳುವುದು, ಕೊಟ್ಟ ಕಡೆ ಕಾಫಿ ಕುಡಿಯುವುದು. ಯಾವುದಕ್ಕೂ ಲೆಕ್ಕವಿಲ್ಲ, ಕಾಗದವಿಲ್ಲ. ಕಾಫಿ ಕೊಟ್ಟವರ ಮನೆ ಕೆಲಸ ಮೊದಲು ಆಗುತ್ತದೆ ಎಂಬ ಗೊಣಗಾಟವೂ ಇತ್ತು. ಹೊಸ ಹುರುಪಿನ ನನಗೆ ಇದು ಸುತರಾಂ ಹಿಡಿಸಲಿಲ್ಲ. ಕಂಪ್ಲೇಂಟ್ ರಿಜಿಸ್ಟರ್ ತೆರೆದೆ. ತಾರೀಕು, ಮನೆ ನಂಬರ್, ಬಾಡಿಗೆದಾರರ ಹೆಸರು, ತೊಂದರೆ ಏನು, ಬಾಡಿಗೆದಾರರ ಸಹಿ, ಕೆಲಸ ಮುಗಿದ ದಿನ. ಬರೆಸಿದ ಏಳು ದಿನದೊಳಗೆ ಕೆಲಸ ಆಗಲೇಬೇಕು. ಬರೆಸದ ಮನೆಗೆ ಮೇಸ್ತ್ರಿ ಕಾಲಿಡುವಂತಿಲ್ಲ. ಮರಿಯಪ್ಪ ಕೋಲನ್ನು ಆಫೀಸಿನ ಮೂಲೆಗೆ ಒರಗಿಸಿ ಜಗುಲಿಯ ಮೇಲೆ ಕೂತ.

ಪದ್ಧತಿ ಕೆಲಸ ಮಾಡಿತು ಎಂದೇ ಎಲ್ಲರೂ ಅಂದುಕೊಂಡೆವು. ಜೂನ್‌ನಲ್ಲಿ ಮೂವತ್ತಾರು ದೂರು, ಜುಲೈನಲ್ಲಿ ಹತ್ತೊಂಬತ್ತು, ಆಗಸ್ಟ್ ಅರ್ಧ ಕಳೆದರೂ ನಾಲ್ಕೇ. ಮೇಲಧಿಕಾರಿಗಳು ಬಂದು ನೋಡಿ ಬೆನ್ನು ತಟ್ಟಿದರು. ದೂರು ಕಡಿಮೆಯಾದರೆ ಮನೆಗಳು ಸುಸ್ಥಿತಿಗೆ ಬಂದವೆಂದೇ ನನ್ನ ಲೆಕ್ಕ. ಕಾಲೊನಿಯ ಗಂಡಸರು ಬೆಳಗಾದರೆ ದುಡಿಮೆಗೆ ಹೋಗುತ್ತಾರೆ, ಮನೆಯ ಕಷ್ಟ ಗೊತ್ತಿರುವುದು ಹೆಂಗಸರಿಗೆ, ಅವರು ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ ಎಂಬ ಸಣ್ಣ ವಿಷಯ ನನಗೆ ಹೊಳೆಯಲೇ ಇಲ್ಲ.

ಒಬ್ಬಾಕೆ ಹತ್ತಿದಳು. ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಮೂವತ್ತೊಂದನೇ ಮನೆಯ ಕೆಂಪಮ್ಮ. ಇಲವಾಲದ ಕಡೆಯ ಒಕ್ಕಲು ಮನೆತನದವಳು. ಗಂಡ ವಿದ್ಯುತ್ ಕಂಬ ನೆಡುವ ಗ್ಯಾಂಗಿನಲ್ಲಿ ಊರೂರು ಸುತ್ತುತ್ತಿದ್ದ, ಮನೆಗೆ ಬರುತ್ತಿದ್ದುದು ತಿಂಗಳಿಗೊಮ್ಮೆ. ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಹೊರಗೇ ನಿಂತು ಹೇಳಿದಳು:

"ಬಚ್ಚಲ ಗ್ವಾಡೆ ಉಬ್ಕಂಡದೆ ಬುದ್ಧಿ. ಬುಡದಲ್ಲಿ ನೀರು ಜಿನುಗ್ತದೆ."

"ಬಾಡಿಗೆದಾರರ ಹೆಸರು?" ಎಂದ ಗುಮಾಸ್ತ.

"ನಮ್ ಪುಟ್ಟಿ ಅಪ್ಪ."

"ಅದು ಹೆಸರೇನಮ್ಮ? ಹೆಸರು ಹೇಳಿ."

ಆಕೆ ಆಚೆ ಈಚೆ ನೋಡಿದಳು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವುದಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರೇ ಹೇಳಿಬಿಡುತ್ತಾರೆ. ಆ ದಿನ ಯಾರೂ ಇರಲಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ನನ್ನ ತಾಯಿ ಸಾಯುವವರೆಗೂ ಅಪ್ಪನ ಹೆಸರು ಹೇಳಿದವರಲ್ಲ, ಜನಗಣತಿಯವರು ಬಂದಾಗ ಅವರ ಪರವಾಗಿ ಹೇಳುತ್ತಿದ್ದವನು ನಾನೇ. ಆದರೆ ಮೇಜಿನ ಹಿಂದೆ ಕೂತ ಮೇಲೆ ಮನೆಯ ಬುದ್ಧಿ ಮನೆಯಲ್ಲೇ ಉಳಿಯುತ್ತದೋ ಏನೋ. ತಲೆ ಎತ್ತದೆ ಗುಮಾಸ್ತನಿಗೆ ಹೇಳಿದೆ: "ಹೆಸರು, ಸಹಿ ಇಲ್ಲದೆ ಬರ್ಕೋಬೇಡಿ. ಯಜಮಾನರು ಬಂದ ಮೇಲೆ ಅವರನ್ನ ಕಳಿಸಮ್ಮ."

"ಅವ್ರು ಬರೋಕೆ ಇನ್ನೂ ಹತ್ ದಿನ ಆಯ್ತದೆ ಬುದ್ಧಿ."

"ಆಗಲೇ ಬರಲಿ."

ಗುರುವಾರ ಆಕೆ ಮತ್ತೆ ಬಂದಳು. ಈ ಸಲ ಐದು ವರ್ಷದ ಮಗಳನ್ನು ಕರೆತಂದಿದ್ದಳು, ಹೆಸರು ಹೇಳಿಸಲು. ಮಗುವಿಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ಹಬ್ಬದ ಲಂಗ ತೊಡಿಸಿದ್ದಳು. ಅಮ್ಮ ಬೆನ್ನು ಸವರಿದ ಕೂಡಲೇ ಮಗು ಶಾಲೆಯಲ್ಲಿ ಹಾಜರಿ ಕೂಗುವಂತೆ ಗಟ್ಟಿಯಾಗಿ "ಚಿಕ್ಕೇಗೌಡ!" ಅಂದಿತು. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಮೇಜಿನ ಡ್ರಾಯರಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಕೊಟ್ಟೆ. ಆಮೇಲೆ ಹೇಳಿದೆ: "ಜಾಣೆ ಕಣೇ ನೀನು. ಆದ್ರೆ ಸಹಿ ಬೇಕಲ್ಲಮ್ಮ, ಸಹಿ." ಮನೆ ಅವಳ ಗಂಡನ ಹೆಸರಿನಲ್ಲಿದೆ, ಅವಳ ಹೆಬ್ಬೆಟ್ಟು ನಡೆಯುವುದಿಲ್ಲ ಎಂದೂ ನಾನೇ ಹೇಳಿದೆ. ಮಗು ಪೆಪ್ಪರ್‌ಮಿಂಟ್ ಚೀಪುತ್ತಾ ಅಮ್ಮನ ಕೈ ಹಿಡಿದು ಹೋಯಿತು.

ಆ ಮನೆಗಳದು ಮಣ್ಣಿನ ಗೋಡೆ, ಮೇಲೆ ಬರೀ ಗಾರೆಯ ಪದರ. ಬುಡಕ್ಕೆ ನೀರು ಇಳಿದರೆ ಒಳಗಿನ ಮಣ್ಣು ಕರಗುತ್ತದೆ, ಗಾರೆ ಮಾತ್ರ ನಿಂತಿರುತ್ತದೆ. ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಮರಿಯಪ್ಪನ ಕೋಲು ಇದ್ದದ್ದು ಅದಕ್ಕೇ.

ಭಾನುವಾರ ಬೆಳಿಗ್ಗೆ ಕೆಂಪಮ್ಮ ಮಗಳಿಗೆ ತಲೆಗೆ ನೀರು ಹಾಕುತ್ತಿದ್ದಳು. ಸೀಗೆಪುಡಿ ತರಲು ಅಡುಗೆಮನೆಗೆ ಹೋದಳು. ಅಷ್ಟರಲ್ಲಿ ಗೋಡೆ ಒಳಕ್ಕೆ ಬಿತ್ತು.

ನಾನು ಓಡಿಹೋಗುವಷ್ಟರಲ್ಲಿ ಮರಿಯಪ್ಪ ಬರಿಗೈಯಲ್ಲಿ ಮಣ್ಣು ತೆಗೆದು ಮಗುವನ್ನು ಈಚೆಗೆ ಮಲಗಿಸಿದ್ದ. ಜೀವ ಹೋಗಿತ್ತು. ಹಂಡೆಯ ಕೆಳಗೆ ಒಲೆ ಇನ್ನೂ ಉರಿಯುತ್ತಿತ್ತು. ಮರಿಯಪ್ಪ ನನ್ನ ಮುಖ ನೋಡಲಿಲ್ಲ. ನೋಡಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಬಂದ ಅಧಿಕಾರಿ ರಿಜಿಸ್ಟರ್ ತಿರುವಿ ಹಾಕಿ, 'ಮೂವತ್ತೊಂದನೇ ಮನೆಯಿಂದ ದೂರು ಬಂದಿಲ್ಲ' ಎಂದು ಬರೆದುಕೊಂಡರು. ನಾನು ಎದುರಿಗೇ ನಿಂತಿದ್ದೆ. ಬಂದಿತ್ತು, ಎರಡು ಸಲ ಬಂದಿತ್ತು ಎಂದು ಬಾಯಿ ತೆರೆಯಲಿಲ್ಲ. ಕೆಲಸ ಉಳಿಯಿತು. ಆ ಮೌನಕ್ಕೆ ನನ್ನಲ್ಲಿ ಇವತ್ತಿಗೂ ಸಮಜಾಯಿಷಿ ಇಲ್ಲ.

ಅಧಿಕಾರಿ ಹೋದ ಮಾರನೆಯ ದಿನ ಕೆಂಪಮ್ಮ ಆಫೀಸಿಗೆ ಬಂದಳು. ಈ ಸಲ ಹೊರಗೆ ನಿಲ್ಲಲಿಲ್ಲ. ತಲೆಯ ಮೇಲೆ ಸೆರಗಿರಲಿಲ್ಲ. ನೇರ ನನ್ನ ಮೇಜಿನ ಮುಂದೆ ಬಂದು ನಿಂತಳು. ಹಿಂದೆ ಬಾಗಿಲಲ್ಲಿ ಗಂಡ ನಿಂತಿದ್ದ.

"ಚಿಕ್ಕೇಗೌಡ," ಅಂದಳು. "ಚಿಕ್ಕೇಗೌಡ, ಚಿಕ್ಕೇಗೌಡ. ಬರ್ಕಳಿ ಬುದ್ಧಿ. ಮೊದ್ಲ್ ದಿನಾನೇ ನಾನು ಯೋಳ್ಬುಟ್ಟಿದ್ರೆ ನನ್ ಕೂಸು ಉಳ್ಕತಿತ್ತು. ನಾನೇ ಕೊಂದ್ಬುಟ್ಟೆ."

ಅಮ್ಮಾ, ತಪ್ಪು ನಿನ್ನದಲ್ಲ, ನನ್ನದು ಎಂದು ಹೇಳಲು ಎದ್ದೆ. ಹೇಳುವಷ್ಟರಲ್ಲಿ ಚಿಕ್ಕೇಗೌಡ ಅವಳ ಭುಜ ಹಿಡಿದು ಕರೆದುಕೊಂಡು ಹೊರಟಿದ್ದ. ಆ ವಾರವೇ ಅವರು ಮನೆ ಖಾಲಿ ಮಾಡಿದರು. ಎಲ್ಲಿಗೆ ಹೋದರೋ, ಇಲವಾಲದಲ್ಲಿ ವಿಚಾರಿಸಿದರೂ ತಿಳಿಯಲಿಲ್ಲ. ನಾನು ಹೇಳಬೇಕಿದ್ದ ಮಾತು ನನ್ನಲ್ಲೇ ಉಳಿಯಿತು. ಆ ತಾಯಿ ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡೇ ಹೋದಳು.

ಮರಿಯಪ್ಪನ ಕೋಲನ್ನು ನಾನೇ ಮೂಲೆಯಿಂದ ತೆಗೆದು ಅವನ ಕೈಗೆ ಕೊಟ್ಟೆ. ರಿಜಿಸ್ಟರಿನಲ್ಲಿ ಹೆಸರಿನ, ಸಹಿಯ ಕಾಲಂ ಹೊಡೆದುಹಾಕಿ ಮನೆಯ ನಂಬರ್ ಒಂದನ್ನೇ ಉಳಿಸಿದೆ. ಪ್ರತಿದಿನ ಬೆಳಿಗ್ಗೆ ಮರಿಯಪ್ಪನ ಜೊತೆ ನಾನೂ ಮನೆ ಮನೆಗೆ ಹೋಗಿ ಹೆಂಗಸರನ್ನು ಕೇಳತೊಡಗಿದೆ. ಮುಂದಿನ ತಿಂಗಳು ಐವತ್ತಮೂರು ದೂರು ಬಂದವು. ಮೇಲಿನಿಂದ ವಿವರಣೆ ಕೇಳಿ ಪತ್ರವೂ ಬಂತು.

ನಿವೃತ್ತನಾಗುವವರೆಗೆ ಬೇರೆ ಬೇರೆ ಕಾಲೊನಿಗಳನ್ನು ನೋಡಿಕೊಂಡೆ. ಕೆಳಗಿನವರು ಬಂದು ಸಂತೋಷದಿಂದ "ಈ ವಾರ ಒಂದೂ ದೂರಿಲ್ಲ ಸಾರ್" ಎಂದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಚಪ್ಪಲಿ ಮೆಟ್ಟಿ, ಮೊದಲನೇ ಮನೆಯಿಂದ ಬಾಗಿಲು ತಟ್ಟುತ್ತಾ ಹೊರಡುತ್ತಿದ್ದೆ.