ಕಟ್ಟಿ ಹಾಕಬೇಡ ಎಂದಿದ್ದವರು

ಕಳೆದ ವಾರ ಅಟ್ಟದ ಸಾಮಾನು ಇಳಿಸುವಾಗ ಹಳೆಯ ದಿಂಬಿನ ಕವರೊಂದು ಕೈಗೆ ಸಿಕ್ಕಿತು. ನೀಲಿ ಹೂವಿನ ದಪ್ಪ ಬಟ್ಟೆ, ಬಾಯಿಗೆ ಲಾಡಿ, ಮೈತುಂಬ ಬೆಕ್ಕಿನ ಉಗುರು ಸಿಕ್ಕಿ ಎಳೆದ ನೂಲು. ಏಣಿಯ ಮೇಲೇ ಕೂತುಬಿಟ್ಟೆ... ಅದನ್ನು ಹೊಲಿದವರು ನಮ್ಮ ಕೆಳಗಿನ ಮನೆಯ ಆಂಟಿ.

ಆಗ ನಾವು ಯಲಹಂಕದಲ್ಲಿ, ಕೆರೆ ಏರಿಯ ಕೆಳಗಿನ ಬಡಾವಣೆಯಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನೆಲಮಹಡಿಯಲ್ಲಿ ಆಂಟಿ, ಅವರ ಹೊಲಿಗೆ ಮಷಿನ್ನು, ಎರಡು ಬೆಕ್ಕು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ತುಮಕೂರಿನಲ್ಲಿ. ಬೀದಿಯ ಹೆಂಗಸರ ರವಿಕೆಗಳೆಲ್ಲ ಅವರ ಕೈಯವೇ. ಸ್ವಲ್ಪ ಸಿಡುಕಿ. ಅಳತೆ ಕೊಡುವಾಗ ಯಾರಾದರೂ ಉಸಿರು ಬಿಗಿಹಿಡಿದರೆ ಟೇಪಿನಿಂದಲೇ ಭುಜಕ್ಕೊಂದು ಬಾರಿಸುತ್ತಿದ್ದರು.

ಮಳೆಗಾಲಕ್ಕೆ ಮೊದಲೇ ಅವರದೊಂದು ತಯಾರಿ ಇರುತ್ತಿತ್ತು. ಬೆಕ್ಕಿಗೊಂದರಂತೆ ಎರಡು ದಿಂಬಿನ ಕವರು, ಡಬ್ಬಿಯಲ್ಲಿ ಅವುಗಳ ತಿಂಡಿ, ಹಳೆಯ ಟವೆಲ್ಲು, ಎಲ್ಲವನ್ನೂ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರುತ್ತಿದ್ದರು.

"ನೀರು ಬಂದ್ರೆ ಇವು ಹೆದರ್ಕೊಂಡು ಮಂಚದ ಕೆಳಗೆ ಸೇರ್ಕೊಳ್ತವೆ ಕಣಮ್ಮ. ಎಳೆದು ಇದರೊಳಗೆ ಹಾಕ್ಕೊಂಡು ಮೆಟ್ಲು ಹತ್ತೋದಷ್ಟೇ," ಎಂದಿದ್ದರು. ಆಮೇಲೆ ನಮ್ಮ ನಾಯಿ ಬ್ರೂನೋನ ಕಡೆ ನೋಡಿ, "ಇವನನ್ನ ಮಾತ್ರ ಕೆಳಗೆ ಕಟ್ಟಿ ಹಾಕ್ಬೇಡ. ಓಡೋಕಾದ್ರೂ ದಾರಿ ಇರ್ಲಿ," ಎಂದರು.

ನಾನು ನಕ್ಕಿದ್ದೆ. ಒಳಗೆ ಬಿಟ್ಟರೆ ಬಾಗಿಲು ಕೆರೆದು ಹಾಳುಮಾಡುತ್ತಾನೆಂದು, ಹೊರಗೆ ಹೋಗುವಾಗಲೆಲ್ಲ ಅವನನ್ನು ಪಾರ್ಕಿಂಗಿನ ಕಂಬಕ್ಕೆ ಸರಪಳಿಯಲ್ಲಿ ಬಿಗಿದು ಹೋಗುತ್ತಿದ್ದೆವು.

ಆ ಭಾನುವಾರವೂ ಹಾಗೆಯೇ ಕಟ್ಟಿ, ಚಿಕ್ಕಬಾಣಾವರದ ನೆಂಟರ ಮನೆಗೆ ನಾಮಕರಣಕ್ಕೆ ಹೋದೆವು. ಮೂರು ದಿನ ಸುರಿದ ಮಳೆ ಬೆಳಗ್ಗೆ ನಿಂತಿತ್ತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮೊದಲ ಮಹಡಿಯ ಮೇಷ್ಟ್ರ ಫೋನು.

"ಕೆರೆ ಕೋಡಿ ಬಿದ್ದಿದೆ ಕಣ್ರೀ, ಪಾರ್ಕಿಂಗೆಲ್ಲಾ ನೀರು. ಆಂಟಿ ಬೆಕ್ಕುಗಳನ್ನ ಎತ್ಕೊಂಡು ನಮ್ಮನೆಗೆ ಬಂದಿದಾರೆ, ಸೇಫಾಗಿದಾರೆ."

ಆಂಟಿಗೇ ಫೋನು ಕೊಡಿಸಿದೆ. "ಆಂಟೀ, ಬ್ರೂನೋನ ಕಟ್ಟಿ ಬಂದ್ಬಿಟ್ಟಿದೀನಿ..."

ಇಳಿಯಿರಿ ಎಂದು ನಾನು ಹೇಳಲಿಲ್ಲ. ಇಳಿಯಬೇಡಿ ಎಂದೂ ಹೇಳಲಿಲ್ಲ. ಆ ಕಡೆಯಿಂದ ನಾಯಿಯ ಕೂಗು ಕೇಳಿಸುತ್ತಿತ್ತು.

"ಫೋನ್ ಇಡು," ಎಂದರು.

ಮುಂದಿನದನ್ನು ಮೇಷ್ಟ್ರು ಆಮೇಲೆ ಹೇಳಿದರು. ಮಂಡಿನೋವಿನ ಮನುಷ್ಯ, ಮೆಟ್ಟಿಲ ಮೇಲಿಂದ ಕೂಗಿ ಕರೆಯುವುದು ಬಿಟ್ಟು ಅವರಿಗೆ ಬೇರೇನೂ ಆಗಲಿಲ್ಲವಂತೆ. ಆಂಟಿ ಮೇಷ್ಟ್ರ ಅಡುಗೆಮನೆಯ ಕತ್ತರಿ ತೆಗೆದುಕೊಂಡು ಎದೆಮಟ್ಟದ ಚರಂಡಿ ನೀರಿಗೆ ಇಳಿದಿದ್ದರು. ಸರಪಳಿ ಬಿಗಿದು ಬ್ರೂನೋನ ಮೂತಿ ಮಾತ್ರ ಮೇಲಿತ್ತು. ಕೊಂಡಿ ಬಿಚ್ಚಲಾಗದೆ ಕೊರಳಪಟ್ಟಿಯನ್ನೇ ಕತ್ತರಿಸಿದರು. ವಾಪಸು ಬರುವಾಗ ನೀರಿನಡಿ ಏನೋ ಚೂಪಾದದ್ದು ಪಾದವನ್ನು ಸೀಳಿತು.

ನಾವು ತಲುಪಿದಾಗ ಅವರು ಮೆಟ್ಟಿಲ ಮೇಲೆ ನಡುಗುತ್ತ ಕೂತಿದ್ದರು, ನಾಯಿಯ ತಲೆ ತೊಡೆಯ ಮೇಲೆ. ಅಳುತ್ತ ಹತ್ತಿರ ಹೋದರೆ, "ಎಷ್ಟು ಸಲ ಹೇಳಿದ್ದೆ ನಿಂಗೆ," ಎಂದರು. ಅಷ್ಟೇ. ಆಸ್ಪತ್ರೆಗೆ ಕರೆದರೆ ಬರಲಿಲ್ಲ. ಮನೆಯ ಕೆಸರು ಬಳಿಯುವುದಿದೆ ಎಂದರು. ನಾನೂ ಹೆಚ್ಚು ಒತ್ತಾಯಿಸಲಿಲ್ಲ.

ವಾರ ಕಳೆಯುವುದರೊಳಗೆ ಜ್ವರ ಹಿಡಿಯಿತು. ಕಣ್ಣು ಹಳದಿಯಾದವು. ಇಲಿ ಜ್ವರ, ಕೊಳಕು ನೀರು ಗಾಯಕ್ಕೆ ಸೋಕಿ ಬಂದಿದೆ ಎಂದರು ಡಾಕ್ಟರು. ಆ ಹೊತ್ತಿಗೆ ಕಿಡ್ನಿ ಸೋತಿತ್ತು. ಆಸ್ಪತ್ರೆ ಸೇರಿದ ನಾಲ್ಕನೇ ದಿನ ಹೋಗಿಬಿಟ್ಟರು.

ಕಾರ್ಯ ಮುಗಿಸಿ ಮನೆ ಖಾಲಿ ಮಾಡಲು ಬಂದ ಮಗಳು ಕೇಳಿದಳು, "ಅಮ್ಮ ಮೇಲೆ ಸೇಫಾಗಿದ್ರಂತಲ್ಲ ಅಕ್ಕಾ. ಮತ್ತೆ ಕೆಳಗೆ ಯಾಕೆ ಇಳಿದ್ರು?"

ಮೇಷ್ಟ್ರು ನನ್ನತ್ತ ನೋಡಿ ತಲೆ ತಗ್ಗಿಸಿದರು.

"ಮಷಿನ್ ತರೋಕೆ ಅನ್ಸುತ್ತೆ," ಎಂದೆ.

ಅವಳು ಮೂಲೆಯಲ್ಲಿದ್ದ ಮಷಿನ್ನನ್ನು ಕಾಲಿನಿಂದ ಒದ್ದಳು. "ದರಿದ್ರದ್ದು," ಎಂದು ಗೋಡೆಗೆ ಒರಗಿ ಅತ್ತಳು. ಅಮ್ಮ ಮೂವತ್ತು ವರ್ಷ ತುಳಿದು ಅವಳನ್ನು ಓದಿಸಿದ ಮಷಿನ್ನು ಅಂದೇ ಗುಜರಿಗೆ ಹೋಯಿತು. ಬೆಕ್ಕುಗಳನ್ನು ನಾನಿಟ್ಟುಕೊಂಡೆ. ಒಂದು ಬೆಕ್ಕು ತಿಂಗಳೊಳಗೇ ಎಲ್ಲೋ ಹೋಯಿತು, ಇನ್ನೊಂದು ಎರಡು ವರ್ಷ ಬದುಕಿತು. ನಾನು ಅವನ್ನು ಸಾಕಿದ್ದಕ್ಕೆ ಮಗಳು ಈಗಲೂ ನನ್ನನ್ನು ದೊಡ್ಡ ಮನಸ್ಸಿನವಳು ಎನ್ನುತ್ತಾಳೆ.

ನಿನ್ನೆ ಅವಳ ಫೋನು ಬಂದಿತ್ತು. ಮಗನಿಗೆ ನಾಯಿಮರಿ ಬೇಕಂತೆ, ಏನು ಮಾಡಲಿ ಎಂದು ವಿಚಾರಿಸಿದಳು. ಕೊನೆಗೆ, "ನಿಮ್ಮ ಬ್ರೂನೋ ಹೇಗಿದಾನೆ ಅಕ್ಕಾ?" ಎಂದಳು.

ಈ ಸಲ ಹೇಳಿಬಿಡಬೇಕು ಎಂದುಕೊಂಡೆ. ಬಾಯಿಯವರೆಗೂ ಬಂತು...

"ವಯಸ್ಸಾಗಿದೆ. ಚೆನ್ನಾಗಿದಾನೆ," ಎಂದೆ.